ಮುದಿ ನಾಯಿ ಮನೆಗೆ ತರೋದಾದ್ರೆ ಯಾವುದನ್ನ ತರೋದು

ಪ್ರತಿ ವರ್ಷ ಮಳೆ ಹಿಡಿಯೋಕೆ ಮುಂಚೆ, ಮೇ ಕೊನೆ ಹೊತ್ತಿಗೆ ಯಾರಾದ್ರೂ ಒಬ್ರು ನಂಗೆ ಫೋನ್ ಮಾಡಿ ಇದನ್ನೇ ಕೇಳ್ತಾರೆ. "ಅಕ್ಕ, ಒಂದು ವಯಸ್ಸಾದ ನಾಯಿ ಇದೆ, ಮನೆಯೋರು ಬೆಂಗಳೂರಿಗೆ ಶಿಫ್ಟ್ ಆಗ್ತಿದಾರಂತೆ, ತಗೊಳ್ಳೋದಾ ಬೇಡ್ವಾ, ಅದ್ರ ಬದ್ಲು ಒಂದು ಮರಿ ತಂದ್ರೆ ಒಳ್ಳೇದಾ?" ಫೋನಲ್ಲಿ ಹೇಳ್ತಾ ಹೇಳ್ತಾ ಅರ್ಧ ಮರ್ತೇ ಹೋಗತ್ತೆ, ಅದಕ್ಕೆ ಒಂದ್ಸಲ ಕೂತು ಪೂರ್ತಿ ಬರೆದುಬಿಡೋಣ ಅನ್ಸ್ತು. ನಾನು ಡಾಕ್ಟ್ರಲ್ಲ. ಮೊದ್ಲು ಒಂದಷ್ಟು ವರ್ಷ ಶಿವಮೊಗ್ಗದ ವಿನೋಬನಗರದಲ್ಲಿ, ಆಮೇಲೆ ತೀರ್ಥಹಳ್ಳಿ ಕಡೆ ತೋಟದ ಮನೇಲಿ, ಎರಡೂ ಕಡೆ ಸೇರಿ ಮೂರು ಮುದಿ ನಾಯಿ ತಂದಿದೀನಿ, ಎರಡನ್ನ ಮಣ್ಣು ಮಾಡಿದೀನಿ, ಮೂರನೇದು ಜಗಲಿ ಮೇಲೆ ಗೊರಕೆ ಹೊಡೀತಿದೆ.

ಹೆಸರು ಮೊದ್ಲೇ ಹೇಳ್ಬಿಡ್ತೀನಿ, ಕೆಳಗೆ ಪದೇ ಪದೇ ಬರತ್ತೆ. ರಾಣಿ, ಲ್ಯಾಬ್ರಡಾರ್, ನಮ್ಮನೆಗೆ ಬರುವಾಗ 9 ವರ್ಷ. ಕರಿಯ, ಪಕ್ಕದ ತೋಟದೋರು ತೋಟ ಮಾರಿ ಹೋದಾಗ ಅಲ್ಲೇ ಉಳ್ಕಂಡ ನಾಟಿ ನಾಯಿ. ಬೆಳ್ಳಿ, ತೀರ್ಥಹಳ್ಳಿ ಬಸ್ ಸ್ಟ್ಯಾಂಡ್ ಹತ್ರ ಒಂದು ಬೇಕರಿ ಮುಂದೆ ಬಿದ್ಕಂಡಿರ್ತಿದ್ದ ಬೀದಿ ನಾಯಿ, ಈಗ ಗೊರಕೆ ಹೊಡೀತಿರೋದು ಅದೇ.

ಮರಿನಾ, ನಡು ವಯಸ್ಸಿಂದಾ, ಮುದಿನಾ

ಮುದಿ ಅಂದ್ರೆ ಎಷ್ಟು ವರ್ಷ ಅನ್ನೋದೇ ಸುಮಾರು ಜನಕ್ಕೆ ಗೊತ್ತಿರಲ್ಲ. ಲ್ಯಾಬ್, ಜರ್ಮನ್ ಶೆಫರ್ಡ್ ತರದ ದೊಡ್ಡ ನಾಯಿ 7 ವರ್ಷ ದಾಟಿದ್ರೆ ವಯಸ್ಸಾಯ್ತು ಅಂತಾನೇ ಲೆಕ್ಕ, ನಮ್ಮ ನಾಟಿ ನಾಯಿ ಗಾತ್ರದ್ದು 8-9ಕ್ಕೆ, ಪೊಮೇರಿಯನ್ ತರದ ಚಿಕ್ಕವು 10-11ಕ್ಕೆ. ನಾಯಿಗೆ ಒಂದು ವರ್ಷ ಅಂದ್ರೆ ಮನುಷ್ಯಂಗೆ ಏಳು ಅಂತ ಎಲ್ರೂ ಹೇಳ್ತಾರೆ, ಅದು ಸರಿ ಇಲ್ಲ, ಒಂದೇ ವರ್ಷಕ್ಕೆ ನಾಯಿ ಹರೆಯಕ್ಕೆ ಬಂದಿರತ್ತೆ, ಆಮೇಲೆ ದೊಡ್ಡ ಜಾತಿದು ಬೇಗ ಮುದಿಯಾಗತ್ತೆ, ಚಿಕ್ಕದು ನಿಧಾನ.

ಮರಿ ತರೋರಿಗೆ ನಾನು ಬೇಡ ಅನ್ನಲ್ಲ. ಆದ್ರೆ ಮರಿ ಅಂದ್ರೆ ಒಂದೂವರೆ ತಿಂಗಳಿಂದ ನಾಲ್ಕು ತಿಂಗಳ ತನಕ ಮೂರ್ನಾಲ್ಕು ವಾರಕ್ಕೊಂದು ಲಸಿಕೆ, ಪಾರ್ವೋ ಅನ್ನೋ ವಾಂತಿ ಭೇದಿ ಕಾಯಿಲೆ ಭಯ, ರಾತ್ರಿ ಅಳು, ಚಪ್ಪಲಿ ಉಳಿಯಲ್ಲ, ಹಪ್ಪಳ ಒಣಗಿಸೋ ಚಾಪೆ ಉಳಿಯಲ್ಲ, ಅದೆಲ್ಲ ಮುಗಿದ ಮೇಲೆ ಇನ್ನೊಂದು ಹತ್ತು ಹನ್ನೆರಡು ವರ್ಷ. ಮಲೆನಾಡಲ್ಲಿ ಈಗ ಎಷ್ಟೋ ಮನೇಲಿ ಇರೋದು ಗಂಡ ಹೆಂಡ್ತಿ ಇಬ್ರೇ, ಮಕ್ಕಳು ಬೆಂಗಳೂರಲ್ಲೋ ಫಾರಿನ್ನಲ್ಲೋ. 66 ವರ್ಷಕ್ಕೆ ಮರಿ ತಂದ್ರೆ ಅದಕ್ಕೆ 12 ಆಗುವಾಗ ನಿಮ್ಗೆ 78. ಆಗ ಅದನ್ನ ನೋಡ್ಕೊಳ್ಳೋರು ಯಾರು ಅಂತ ಯಾರೂ ಯೋಚ್ನೆ ಮಾಡಲ್ಲ, ಮರಿ ಮುದ್ದಾಗಿರತ್ತಲ್ಲ.

ಮನೇಲಿ ಚಿಕ್ಕ ಮಕ್ಕಳಿದ್ರೆ, ಗಂಡ ಹೆಂಡ್ತಿ ಇಬ್ರೂ ಕೆಲ್ಸಕ್ಕೆ ಹೋಗೋರಾದ್ರೆ ಮೂರರಿಂದ ಆರು ವರ್ಷದ ನಾಯಿ ನೋಡಿ, ಅದ್ರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಅದು ಎಲ್ಲಕ್ಕಿಂತ ಸುಲಭ.

ಮುದಿ ನಾಯೀಲಿ ಒಂದು ದೊಡ್ಡ ಅನುಕೂಲ ಅಂದ್ರೆ ಕಣ್ಣಿಗೆ ಕಾಣೋದೇ ನಾಯಿ. ಎಷ್ಟು ದೊಡ್ಡದಾಗತ್ತೆ, ಬೊಗಳತ್ತಾ, ಕೋಳಿ ಅಟ್ಟಿಸ್ಕಂಡು ಹೋಗತ್ತಾ, ಮಕ್ಕಳನ್ನ ಕಂಡ್ರೆ ಹೇಗೆ, ಎಲ್ಲ ಅರ್ಧ ಗಂಟೆ ಜೊತೇಲಿ ಕೂತ್ರೆ ಗೊತ್ತಾಗತ್ತೆ. ಗೊತ್ತಾಗದೇ ಇರೋದು ಎಷ್ಟು ದಿನ ಇರತ್ತೆ ಅನ್ನೋದೊಂದೇ. ಎಲ್ರೂ ಕೇಳೋದೂ ಅದನ್ನೇ, "ಇನ್ನು ಎಷ್ಟು ವರ್ಷ ಇರ್ಬೋದು?" ಅಂತ. ನಾನು ಆ ಪ್ರಶ್ನೆ ಕೇಳೋದು ಬಿಟ್ಟು ತುಂಬಾ ಕಾಲ ಆಯ್ತು. ಈಗ ನಾನು ಕೇಳೋದು ಎರಡೇ. ಹಗಲು ಹೊತ್ತು ಮನೇಲಿ ಯಾರಿರ್ತಾರೆ? ಆ ನಾಯಿನ ನೀವು ಒಬ್ರೇ ಎತ್ತೋಕೆ ಆಗತ್ತಾ? ಇದು ಯಾಕೆ ಅಂತ ರಾಣಿ ಕತೆ ಹೇಳಿದ್ರೆ ಅರ್ಥ ಆಗತ್ತೆ.

ಜಾತಿ ನಾಯಿನಾ, ನಾಟಿ ನಾಯಿನಾ

ರಾಣಿ 31 ಕೆಜಿ. ಬರುವಾಗ ಚೆನ್ನಾಗೇ ನಡೀತಿತ್ತು, ಬೆಳಿಗ್ಗೆ ಎದ್ದ ತಕ್ಷಣ ಹಿಂಗಾಲು ಸ್ವಲ್ಪ ಬಿಗಿ, ಹತ್ತು ಹೆಜ್ಜೆ ಹಾಕಿದ್ರೆ ಸರಿಹೋಗೋದು. ಲ್ಯಾಬ್, ಶೆಫರ್ಡ್ ಎರಡಕ್ಕೂ ಸೊಂಟದ ಕೀಲಿನ ತೊಂದ್ರೆ ಹುಟ್ಟಿನಿಂದಾನೇ ಬರೋದು ಜಾಸ್ತಿ, ವಯಸ್ಸಾದ್ಮೇಲೆ ಅದು ಸಂಧಿವಾತ ಆಗಿ ಕೂತ್ಕೊಳ್ಳತ್ತೆ. ನಮ್ಮ ವಿನೋಬನಗರದ ಮನೇಲಿ ನುಣ್ಣಗಿರೋ ಟೈಲ್ಸ್, ಅದ್ರ ಮೇಲೆ ಅದು ಏಳೋಕೆ ಹೋದ್ರೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ. ನಾನು ಗೋಣಿಚೀಲ ಬಿಚ್ಚಿ ಒಂದಕ್ಕೊಂದು ಹೊಲಿದು ಅದು ಮಲಗೋ ಜಾಗದಿಂದ ಅಡುಗೆ ಮನೆ ಬಾಗ್ಲ ತನಕ ಉದ್ದಕ್ಕೆ ಹಾಸಿದೆ. ಒಂದೇ ದಿನದಲ್ಲಿ ಅದಕ್ಕೆ ಗೊತ್ತಾಯ್ತು, ಆ ಗೋಣಿ ದಾರಿ ಬಿಟ್ಟು ಒಂದು ಹೆಜ್ಜೆನೂ ಆಚೆ ಇಡ್ತಿರ್ಲಿಲ್ಲ, ಊಟದ ತಟ್ಟೆ ಅರ್ಧ ಅಡಿ ಆಚೆ ಇದ್ರೆ ಗೋಣಿ ತುದೀಲಿ ನಿಂತು ನನ್ನ ಮುಖ ನೋಡೋದು. ಕೊನೆ ಮೂರು ತಿಂಗಳು ಅದಕ್ಕೆ ತಾನಾಗೇ ಏಳೋಕೆ ಆಗ್ತಿರ್ಲಿಲ್ಲ. ಹೊಟ್ಟೆ ಕೆಳಗೆ ಟವೆಲ್ ಹಾಕಿ ಎರಡು ತುದಿ ಮೇಲಕ್ಕೆ ಹಿಡಿದ್ರೆ ಹಿಂಗಾಲಿಗೆ ಭಾರ ಬೀಳಲ್ಲ, ಹಾಗೆ ನಡೆಸ್ಬೋದು. ಯಜಮಾನ್ರು ಇದ್ರೆ ಸರಿ, ಅವ್ರು ಮಂಡಿಗೋ ಸೊಸೈಟಿಗೋ ಹೋದ ದಿನ ನನ್ನ ಕೈಲಿ ಆಗ್ತಿರ್ಲಿಲ್ಲ, ಅದು ಮಲಗಿದ್ದಲ್ಲೇ ಮಾಡ್ಕಳೋದು, ಆಮೇಲೆ ಕಿವಿ ಹಿಂದೆ ಮಾಡಿ ಮುಖ ಗೋಡೆ ಕಡೆ ತಿರುಗಿಸ್ಕಳೋದು. ಅದನ್ನ ನೋಡೋಕಾಗ್ತಿರ್ಲಿಲ್ಲ. ಎತ್ತೋಕಾಗತ್ತಾ ಅಂತ ನಾನು ಎಲ್ರಿಗೂ ಕೇಳೋದು ಅದಕ್ಕೇ.

ಖರ್ಚೂ ಭಾರದ ಮೇಲೇ ಹೋಗತ್ತೆ, ಇದನ್ನ ಮೊದ್ಲೇ ಯಾರೂ ಹೇಳಲ್ಲ. ನೋವಿನ ಮಾತ್ರೆ, ಆಂಟಿಬಯಾಟಿಕ್, ಜಂತಿನ ಮಾತ್ರೆ, ಉಣುಗಿನ ಔಷಧಿ ಎಲ್ಲದರ ಡೋಸು ಕೆಜಿ ಲೆಕ್ಕದಲ್ಲಿ. 30 ಕೆಜಿ ನಾಯಿಗೆ 15 ಕೆಜಿ ನಾಯಿಯ ಎರಡರಷ್ಟು ಮಾತ್ರೆ ಬೇಕು, ಅದೂ ತಿಂಗಳು ತಿಂಗಳು.

ನಾಟಿ ನಾಯಿ ಸಾಮಾನ್ಯವಾಗಿ 12ರಿಂದ 20 ಕೆಜಿ ಒಳಗೇ ಇರತ್ತೆ, ಸೊಂಟದ ಕೀಲಿನ ತೊಂದ್ರೆ ಕಡಿಮೆ, ಮೈ ಕೂದ್ಲು ಗಿಡ್ಡ ಇರೋದ್ರಿಂದ ನಮ್ಮ ಮಳೇಲಿ ಬೇಗ ಒಣಗತ್ತೆ. ಪಗ್ ತರದ ಚಪ್ಪಟೆ ಮೂತಿ ನಾಯಿಗೆ ಉಸಿರಿನ ಕಷ್ಟ ಇರತ್ತೆ, ವಯಸ್ಸಾದ ಪಗ್ಗು ಸೆಕೆಗಾಲದಲ್ಲಿ ಒದ್ದಾಡೋದು ನೋಡಿದೀನಿ. ಹಾಗಂತ ನಾಟಿ ನಾಯಿಗೆ ಏನೂ ಬರಲ್ಲ ಅಂತಲ್ಲ. ಊರಲ್ಲಿ ಹೆಣ್ಣು ನಾಯಿಗೆ ಆಪರೇಷನ್ ಮಾಡ್ಸಿರಲ್ಲ, ವಯಸ್ಸಾದ್ಮೇಲೆ ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ಗರ್ಭಕೋಶದಲ್ಲಿ ಕೀವು ತುಂಬ್ಕೊಳ್ಳೋದು ತುಂಬಾ ಜಾಸ್ತಿ. ಊಟ ಬಿಡತ್ತೆ, ಬಿಂದಿಗೆಗಟ್ಲೆ ನೀರು ಕುಡಿಯತ್ತೆ, ಹಿಂದುಗಡೆ ಸೋರಿದ್ರೂ ಸೋರ್ಬೋದು ಸೋರ್ದೇನೂ ಇರ್ಬೋದು, ಆಗ ನಾಳೆ ನೋಡೋಣ ಅಂತ ಕೂತ್ರೆ ನಾಯಿ ಉಳಿಯಲ್ಲ. ಮೊಲೆ ಗಂಟೂ ಹಾಗೇ, ಕೈ ಹಾಕಿ ನೋಡ್ಬೇಕು. ಬೆಳ್ಳಿನ ತಂದ ವಾರದಲ್ಲೇ ವಿನೋಬನಗರದ ವೆಟರ್ನರಿ ಕಾಲೇಜಿಗೆ ಕರ್ಕಂಡು ಹೋಗಿ ತೋರಿಸಿದ್ದು ಅದಕ್ಕೇ. ಬೀದಿ ನಾಯಿ ಕಿವಿ ತುದೀಲಿ ಕತ್ತರಿಸಿದ ಗುರುತು ಇದ್ರೆ ಸಂತಾನಹರಣ ಆಗಿದೆ ಅಂತ ಅರ್ಥ, ಅದನ್ನ ಮೊದ್ಲು ನೋಡಿ, ಒಂದು ಚಿಂತೆ ಕಡಿಮೆ.

ನಂದು ಸ್ಪಷ್ಟ ಅಭಿಪ್ರಾಯ, ಮಲೆನಾಡಲ್ಲಿ, ಅದ್ರಲ್ಲೂ ಇಬ್ರೇ ಇರೋ ಮನೆಗೆ, ನಾಟಿ ನಾಯಿ. ಆದ್ರೆ ರಾಣಿ ನಮ್ಮನೆಗೆ ಬರ್ಲೇಬಾರ್ದಿತ್ತು ಅಂತ ಮಾತ್ರ ಒಂದು ದಿನಾನೂ ಅನ್ಸಿಲ್ಲ.

ಮನೆಯಿಂದ ಬಂದಿದ್ದಾ, ಬೀದೀದಾ, ಶೆಲ್ಟರ್‌ದಾ

ಮನೆಯೋರ ಕೈಯಿಂದ ನೇರ ತಗೊಂಡ್ರೆ ಒಂದು ಲಾಭ, ಅದ್ರ ಚರಿತ್ರೆ ಸಿಗತ್ತೆ. ಲಸಿಕೆ ಬುಕ್ಕು, ಹಳೇ ಬ್ಲಡ್ ರಿಪೋರ್ಟು, ಏನು ತಿಂತಿತ್ತು, ಎಲ್ಲಿ ಮಲಗ್ತಿತ್ತು, ಗುಡುಗಿಗೆ ಹೆದರತ್ತಾ, ದೀಪಾವಳಿ ಪಟಾಕಿಗೆ ಎಲ್ಲಿ ಅಡಗ್ತಿತ್ತು, ಎಲ್ಲ ಕೇಳಿ ಬರ್ಕಳಿ. ಅದು ಮಲಗ್ತಿದ್ದ ಹಳೇ ಬೆಡ್‌ಶೀಟು ಒಗೀದೆ ಹಾಗೇ ಇಸ್ಕಂಡು ಬನ್ನಿ. ಇನ್ನೊಂದು, ಯಾವ ಭಾಷೇಲಿ ಕರೀತಿದ್ರು ಅಂತ ಕೇಳಿ, ದಯವಿಟ್ಟು ಕೇಳಿ. ರಾಣಿ ಬಂದು ಹದಿನೈದು ದಿನ ಆದ್ರೂ "ಬಾ" ಅಂದ್ರೆ ತಿರುಗಿ ನೋಡ್ತಿರ್ಲಿಲ್ಲ, ಕಿವಿ ಕೇಳಲ್ವೇನೋ ಅನ್ಕಂಡಿದ್ವಿ. ಒಂದಿನ ಎದುರು ಮನೆ ಆಂಟಿ, ಅವ್ರು ಮನೇಲಿ ಕೊಂಕಣಿ ಮಾತಾಡೋರು, ಗೇಟ್ ಹತ್ರ ನಿಂತು ಯಾರನ್ನೋ "ಹಾಂಗಾ ಯೋ" ಅಂತ ಕರೆದ್ರು. ಇದು ಒಳಗಿಂದ ಗೋಣಿ ದಾರಿ ಬಿಟ್ಟು, ಟೈಲ್ಸ್ ಮೇಲೆ ಜಾರ್ಕಂಡು, ಬಾಲ ಬಡೀತಾ ಬಂದುಬಿಡ್ತು. ಅದ್ರ ಹಳೇ ಮನೆಯೋರು ಕೊಂಕಣಿಯೋರು ಅಂತ ನಂಗೆ ಗೊತ್ತಿತ್ತು, ಆದ್ರೂ ಹೊಳೆದಿರ್ಲಿಲ್ಲ. ಆಂಟಿ ಹೊಸ್ತಿಲ ಮೇಲೇ ಕೂತು ಅದ್ರ ತಲೆ ತೊಡೆ ಮೇಲೆ ಇಟ್ಕಂಡು ಏನೇನೋ ಮಾತಾಡಿದ್ರು. ಆವತ್ತಿಂದ ನಾವೂ "ಯೋ" ಅಂತಾನೇ ಕರೆದಿದ್ದು, ಕೊನೇ ತನಕ.

ಮನೆಯಿಂದ ಬಂದ ನಾಯಿಗೆ ಕೊರಗು ಜಾಸ್ತಿ, ಅದಕ್ಕೆ ತಯಾರಿರಿ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆ ಅಭ್ಯಾಸ, ಮೂರು ತಿಂಗಳಿಗೆ ನಮ್ಮದಾಗೋದು ಅಂತ ನಾಯಿ ಕೊಡೋರು ಹೇಳ್ತಾರೆ, ಮುದಿ ನಾಯಿಗೆ ಇನ್ನೂ ಸ್ವಲ್ಪ ಜಾಸ್ತೀನೇ ಇಟ್ಕಳಿ. ಮೊದ್ಲ ವಾರ ಗೇಟ್ ಕಡೆ ಮುಖ ಮಾಡಿ ಕೂತಿರತ್ತೆ. ಅದನ್ನ ಎಬ್ಬಿಸಿ ಮುದ್ದು ಮಾಡೋಕೆ ಹೋಗ್ಬೇಡಿ, ಸ್ವಲ್ಪ ದೂರದಲ್ಲಿ ಕೂತು ನಿಮ್ಮ ಪಾಡಿಗೆ ಹುರುಳಿಕಾಯಿ ಸೋಸ್ತಾ ಇರಿ, ಅಷ್ಟು ಸಾಕು.

ಬೀದಿ ನಾಯೀದು ಉಲ್ಟಾ. ಬೆಳ್ಳಿಗೆ ಕೊರಗೇ ಇರ್ಲಿಲ್ಲ, ಕಾರಲ್ಲಿ ಕೂರಿಸಿದ ಹತ್ತು ನಿಮಿಷಕ್ಕೆ ನಿದ್ದೆ. ಆದ್ರೆ ಒಳಗೆ ಕಟ್ಟಿ ಹಾಕಿದ್ರೆ ಸೇರಲ್ಲ, ಊಟದ ತಟ್ಟೆ ಹತ್ರ ಹೋದ್ರೆ ಗುರ್ ಅನ್ನತ್ತೆ, ಅದು ಹತ್ತು ವರ್ಷ ಕಿತ್ಕಂಡು ತಿಂದು ಬದುಕಿರೋದು. ತಟ್ಟೆಗೆ ಕೈ ಹಾಕ್ದೆ, ದೂರದಿಂದ ಒಂದು ಮೊಟ್ಟೆ ತುಂಡು ಎಸೆದು ಎಸೆದು ನಾಲ್ಕು ತಿಂಗಳಾದ್ಮೇಲೆ ಅದು ನಾನು ಹತ್ರ ಬಂದ್ರೆ ಬಾಲ ಆಡಿಸ್ತು. ಬೀದೀದಕ್ಕೆ ರೇಬೀಸ್ ಲಸಿಕೆ ಆಗಿದೆಯೋ ಇಲ್ವೋ ಗೊತ್ತಿಲ್ಲದಿದ್ರೆ ಆಗಿಲ್ಲ ಅಂತಾನೇ ತಿಳ್ಕಂಡು ತಂದ ತಕ್ಷಣ ಹಾಕ್ಸಿ, ಇಲಿ ಜ್ವರದ್ದೂ ಸೇರಿರೋ ಲಸಿಕೆನೇ ಕೇಳಿ, ನಮ್ಮ ಮಳೆಗಾಲದ ನಿಂತ ನೀರಿಗೆ ಅದು ಬೇಕೇ ಬೇಕು. ವಯಸ್ಸು ಯಾರೂ ಕರೆಕ್ಟಾಗಿ ಹೇಳೋಕಾಗಲ್ಲ. ಮರಿಯಾದ್ರೆ ಹಲ್ಲು ನೋಡಿ ತಿಂಗಳು ಹೇಳ್ಬೋದು, ದೊಡ್ಡದರಲ್ಲಿ ಹಲ್ಲು ಸವೆದಿರೋದು ಮೂಳೆ ಕಲ್ಲು ಕಡಿದೂ ಆಗಿರ್ಬೋದು. ಕಣ್ಣು ನೀಲಿ ಮಬ್ಬಾಗಿದ್ರೆ ಪೊರೆ ಬಂದು ಕುರುಡಾಯ್ತು ಅಂತ ಬಿಟ್ಟುಬಿಡ್ತಾರೆ, ಎಷ್ಟೋ ಸಲ ಅದು ವಯಸ್ಸಿಗೆ ಕಣ್ಣಿನ ಮಸೂರ ಗಟ್ಟಿಯಾಗಿ ಬರೋ ಮಬ್ಬು, ನಾಯಿಗೆ ಚೆನ್ನಾಗೇ ಕಾಣಿಸ್ತಿರತ್ತೆ.

ಶೆಲ್ಟರ್‌ನಲ್ಲಿ ತಗೊಂಡ್ರೆ ಲಸಿಕೆ, ಆಪರೇಷನ್ ಸಾಮಾನ್ಯವಾಗಿ ಆಗಿರತ್ತೆ, ಹೊಂದಿಲ್ಲ ಅಂದ್ರೆ ವಾಪಸ್ ಕೊಡೋಕೂ ಒಂದು ಜಾಗ ಇರತ್ತೆ. ಹದಿನೈದು ದಿನ ಇಟ್ಕಂಡು ನೋಡ್ತೀನಿ ಅಂತ ಮೊದ್ಲೇ ಮಾತಾಡ್ಕಳಿ, ಅದ್ರಲ್ಲಿ ನಾಚಿಕೆ ಏನಿಲ್ಲ.

ಎಲ್ಲಿಂದ ತಂದ್ರೂ ಒಂದು ಮಾತು. ವಯಸ್ಸಾಗಿದೆ ಬಿಡಿ ಅನ್ನೋ ಉತ್ತರ ಒಪ್ಕಬೇಡಿ. ರಾಣಿ ಊಟ ಬಿಟ್ಟಾಗ ಮೊದ್ಲು ತೋರಿಸಿದ ಡಾಕ್ಟ್ರು ಹಾಗೇ ಅಂದ್ರು, "ಏಜ್ ಆಗಿದೆ ಮೇಡಂ, ಇನ್ನೆಷ್ಟು ದಿನ." ಇನ್ನೊಬ್ರ ಹತ್ರ ಹೋದಾಗ ಅವ್ರು ತುಟಿ ಎತ್ತಿ ನೋಡಿದ್ರು, ಹಿಂದಿನ ದವಡೆ ಹಲ್ಲು ಕೊಳೆತು ಕೀವಾಗಿತ್ತು. ಬ್ಲಡ್ ಟೆಸ್ಟ್ ಮಾಡಿ ಕಿಡ್ನಿ ಲಿವರ್ ನೋಡ್ಕಂಡು ಅನಸ್ತೇಸಿಯಾ ಕೊಟ್ಟು ಆ ಹಲ್ಲು ತೆಗೆದ್ರು, ಮೂರನೇ ದಿನಕ್ಕೆ ತಟ್ಟೆ ನೆಕ್ಕಿ ನೆಕ್ಕಿ ಜಗಲಿ ತುಂಬಾ ತಳ್ಕಂಡು ಹೋಯ್ತು. ಆಮೇಲೆ ಅದು ಒಂದೂ ಮುಕ್ಕಾಲು ವರ್ಷ ಬದುಕ್ತು.

ಪೇಟೆ ಮನೆನಾ, ತೋಟದ ಮನೆನಾ

ತೋಟದ ಮನೆ ಅಂದ್ರೆ ನಾಯಿಗೆ ಸ್ವರ್ಗ ಅಂತ ಎಲ್ರೂ ಅನ್ಕಂತಾರೆ. ಎಳೇ ನಾಯಿಗೆ ಹೌದು. ಮುದಿ ನಾಯಿಗೆ ಪೇಟೇಲೇ ಕೆಲವು ವಿಷಯ ಸುಲಭ. ಶಿವಮೊಗ್ಗದಲ್ಲಿದ್ರೆ ಸ್ಕ್ಯಾನಿಂಗು ರಕ್ತ ಪರೀಕ್ಷೆ ಎಲ್ಲ ಆಟೋದಲ್ಲಿ ಹೋಗಿಬರೋ ದೂರ. ನಾವು ತೋಟಕ್ಕೆ ಬಂದ್ಮೇಲೆ ರಾಣಿ ಕಿಡ್ನಿಗೆ ಡ್ರಿಪ್ ಹಾಕ್ಸೋಕೆ ಒಂದು ಕಡೆಗೆ 60 ಕಿಲೋಮೀಟ್ರು. ಆ ದಾರೀಲಿ ಒಂದೇ ಒಂದು ಸಂತೋಷ, ಮಂಡಗದ್ದೆ ಹತ್ರ ಬಂದ ತಕ್ಷಣ ರಾಣಿ ಎದ್ದು ಕೂರೋದು. ಮಳೆಗಾಲದಲ್ಲಿ ಅಲ್ಲಿ ತುಂಗೆ ನಡುವಿನ ಮರದ ಮೇಲೆಲ್ಲ ಬೆಳ್ಳಕ್ಕಿ ಗೂಡು ಕಟ್ಟಿರ್ತವಲ್ಲ, ಆ ವಾಸನೆ ಅದಕ್ಕೆ ದೂರದಿಂದಲೇ ಬರ್ತಿತ್ತು, ಗ್ಲಾಸ್ ಇಳಿಸಿದ್ರೆ ಮೂಗು ಹೊರಗೆ ಹಾಕಿ ಕಣ್ಣು ಮುಚ್ಕಂಡು ಗಾಳಿ ಕುಡಿಯೋದು. ನಾವು ಪ್ರತಿ ಸಲ ಅಲ್ಲಿ ಐದು ನಿಮಿಷ ನಿಲ್ಸಿದೀವಿ.

ತೋಟದ ಮನೆ ಅಪಾಯ ಹೇಳ್ತೀನಿ. ಕಿವಿ ಕೇಳದ ನಾಯಿ ರಾತ್ರಿ ಹೊರಗೆ ಮಲಗಿದ್ರೆ ಚಿರತೆಗೆ ಸುಲಭ, ನಮ್ಮ ಕೇರೀಲಿ ಅಂಗಳದಿಂದಾನೇ ಎತ್ಕಂಡು ಹೋಗಿದೆ, ಹಾಗಾಗಿ ಸಂಜೆ ಆದ್ಮೇಲೆ ಒಳಗೇ. ಉಣುಗು ಇನ್ನೊಂದು. ನಾಯಿಗೆ ಟಿಕ್ ಫೀವರ್ ಬರೋದು ಅದ್ರಿಂದಾನೇ, ಜ್ವರ, ಒಸಡು ಬೆಳ್ಳಗೆ, ಊಟ ಬಿಡೋದು ಕಂಡ್ರೆ ಅವತ್ತೇ ರಕ್ತ ತೋರ್ಸಿ. ಮಂಗನ ಕಾಯಿಲೆ ನಮ್ಮ ಜಿಲ್ಲೇದೇ ಅಲ್ವಾ, ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮೊದ್ಲು ಗೊತ್ತಾಗಿದ್ದು, ಅದು ಕಾಡಿನ ಉಣುಗಿಂದ ಬರೋದು, ಚಳಿಗಾಲ ಶುರುವಾದಾಗಿಂದ ಬೇಸಿಗೆ ತನಕ ಕಾಡು ಸುತ್ತಿ ಬರೋ ನಾಯಿ ಮೈಮೇಲೆ ಅದು ಮನೆಗೆ ಬರ್ಬೋದು. ಮುದಿ ನಾಯಿ ಕಾಡಿಗೆ ಹೋಗಲ್ಲ ಅನ್ನೋದೇ ಇಲ್ಲಿ ಒಂದು ಸಮಾಧಾನ. ಆಮೇಲೆ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಸಮಯ, ಮೈಲುತುತ್ತ ಕಲಸಿದ ಡ್ರಮ್ಮು, ಕೆಳಗೆ ನಿಂತ ನೀಲಿ ನೀರು, ಮುದಿ ನಾಯಿ ಬಾಯಾರಿದ್ರೆ ಹತ್ರ ಇರೋ ನೀರಿಗೇ ಬಾಯಿ ಹಾಕತ್ತೆ. ಮುಚ್ಚಿಡಿ.

ಪೇಟೆ ಮನೇಲಿ ಇಲ್ಲದ ಒಂದು ಸುಖ ತೋಟದ ಮನೇಲಿದೆ, ಬಚ್ಚಲ ಒಲೆ. ನಮ್ಮತ್ತೆ ನಾಯಿನ ಜಗಲಿ ದಾಟಿ ಒಳಗೆ ಬಿಟ್ಟೋರೇ ಅಲ್ಲ, ಮಡಿ ಜಾಸ್ತಿ. ಕರಿಯ ಬಂದ ವರ್ಷ ಪುನರ್ವಸು ಮಳೆ ಹಿಡ್ಕಂಡು ಎಂಟು ದಿನ ಬಿಟ್ಟಿರ್ಲಿಲ್ಲ, ಅದು ಜಗಲಿ ಮೂಲೇಲಿ ನಡುಗ್ತಾ ಕೂತಿತ್ತು. ಅತ್ತೆ ಎರಡು ಸಲ ಬಂದು ನೋಡಿ ಹೋದ್ರು, ಮೂರನೇ ಸಲ ಬಂದು "ಬಚ್ಚಲ ಒಲೆ ಹತ್ರ ಮಲಗ್ಲಿ ಬಿಡೇ, ಪಾಪ, ಅದಕ್ಕೂ ನನ್ನಷ್ಟೇ ಗಂಟು ನೋವು" ಅಂದ್ರು. ಆಮೇಲಿಂದ ಕರಿಯನ ಮೂತಿ ಯಾವಾಗ ನೋಡಿದ್ರೂ ಬೂದಿ. ಹಂಡೆ ಒಲೆ ಬಿಸಿಗೆ ಅದ್ರ ಬೆನ್ನು ಆರಾಮಾಗಿ, ಬೆಳಿಗ್ಗೆ ಏಳುವಾಗ ಬಿಗಿ ಅರ್ಧಕ್ಕರ್ಧ ಕಡಿಮೆ ಆಗಿತ್ತು. ಪೇಟೇಲಿರೋರು ಬಿಸಿನೀರಿನ ಬಾಟ್ಲಿಗೆ ಟವೆಲ್ ಸುತ್ತಿ ಇಡಿ, ಅದೇ ಕೆಲ್ಸ ಮಾಡತ್ತೆ. ನೋವು ಅಂತ ನಮ್ಮ ಮನೇಲಿರೋ ಪ್ಯಾರಸಿಟಮಾಲ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರ ಕೊಡ್ಲೇಬೇಡಿ, ನಾಯಿಗೆ ಅದು ವಿಷ. ಈರುಳ್ಳಿ ಹಾಕಿದ ಸಾರು ಪಲ್ಯ ಕಲಸಿ ಹಾಕೋದು, ಬೇಯಿಸಿದ ಕೋಳಿ ಮೂಳೆ ಹಾಕೋದು ಎರಡೂ ಬಿಡಿ.

ಮನೆಗೆ ತರೋಕಾಗಲ್ಲ ಅನ್ನೋರಿಗೆ

ಬಾಡಿಗೆ ಮನೆ, ಓನರ್ ಒಪ್ಪಲ್ಲ, ಹಗಲೆಲ್ಲ ಬೀಗ. ಹಾಗಿದ್ರೆ ತರ್ಬೇಡಿ, ನಿಜವಾಗ್ಲೂ. ಬೀದೀಲಿರೋ ಮುದಿ ನಾಯಿಗೆ ಅದ್ರ ಬೀದೀನೇ ಮನೆ. ದಿನಾ ಒಂದೇ ಹೊತ್ತಿಗೆ ಅನ್ನ, ವರ್ಷಕ್ಕೊಂದು ರೇಬೀಸ್ ಲಸಿಕೆ, ಮಳೆಗಾಲಕ್ಕೆ ಒಂದು ಅಂಗಡಿ ಕೆಳಗೆ ಒಣ ಗೋಣಿ, ಇಷ್ಟು ಮಾಡಿದ್ರೂ ಅದ್ರ ಕೊನೆ ದಿನಗಳು ಬೇರೇನೇ ಆಗ್ತವೆ. ಬೆಳ್ಳಿನ ಆ ಬೇಕರಿಯೋರು ಹಾಗೇ ನೋಡ್ಕಂಡಿದ್ರು, ಕಿವಿ ಪೂರ್ತಿ ಹೋಗಿ ಬಸ್ಸು ಹಿಂದೆ ಬಂದ್ರೂ ಗೊತ್ತಾಗ್ದೇ ಇದ್ದಾಗ ಮಾತ್ರ ನಂಗೆ ಹೇಳಿದ್ದು. ಒಂದೆರಡು ತಿಂಗಳು ಇಟ್ಕಂಡು ಬೇರೆ ಮನೆ ಹುಡುಕೋದು ಇನ್ನೊಂದು ದಾರಿ, ಆದ್ರೆ ತುಂಬಾ ಮುದಿಯಾದ ನಾಯಿನ ಮನೆಯಿಂದ ಮನೆಗೆ ಸಾಗಿಸೋದು ನಂಗೆ ಮನಸ್ಸಿಗೆ ಬರಲ್ಲ.

ಕೊನೆಗೆ ಕಾಯೋದಾ, ಇಂಜೆಕ್ಷನ್ನಾ

ಇದನ್ನ ತರೋಕೆ ಮುಂಚೇನೇ ಮನೇಲಿ ಮಾತಾಡ್ಕಳಿ. ಎರಡು ತರಾನೂ ನಾನು ನೋಡಿದೀನಿ.

ರಾಣಿಗೆ ಕಿಡ್ನಿ ಹೋಗಿತ್ತು. ಕಿಡ್ನಿ ಎಷ್ಟು ಕೆಟ್ಟಿದೆ ಅಂತ ರಕ್ತದಲ್ಲಿ ತೋರಿಸೋ ಕ್ರಿಯಾಟಿನಿನ್ ಏರ್ತಾನೇ ಹೋಯ್ತು, ಬಾಯಲ್ಲಿ ಹುಣ್ಣು, ವಾಂತಿ. ಡಾಕ್ಟ್ರು ಹೇಳಿದ್ರು, ಇನ್ನು ಇಂಜೆಕ್ಷನ್ ಕೊಟ್ಟು ಮಲಗಿಸೋದು ಒಳ್ಳೇದು ಅಂತ. ನಾನು ಆಗಲ್ಲ ಅಂದೆ, ನಾಲ್ಕು ದಿನ ಎಳೆದೆ. ಆ ನಾಲ್ಕು ದಿನ ಅದಕ್ಕೆ ಬೇಕಾಗಿರ್ಲಿಲ್ಲ, ನಂಗೆ ಬೇಕಾಗಿತ್ತು. ಐದನೇ ದಿನ ಡಾಕ್ಟ್ರು ಮನೆಗೇ ಬಂದು ಮೊದ್ಲು ನಿದ್ದೆ ಬರೋ ಇಂಜೆಕ್ಷನ್ ಕೊಟ್ರು, ತಲೆ ನನ್ನ ಕೈಮೇಲೆ ಭಾರ ಆಗ್ತಾ ಬಂತು, ಎರಡನೇದು ಕೊಟ್ಟಿದ್ದು ಅದಕ್ಕೆ ಗೊತ್ತೇ ಆಗ್ಲಿಲ್ಲ. ಈಗ ಕೇಳೋರಿಗೆ ನಾನು ಒಂದು ಲೆಕ್ಕ ಹೇಳ್ತೀನಿ, ಅಲೀಸ್ ವಿಲಾಲೋಬೋಸ್ ಅಂತ ಅಮೆರಿಕದ ಪಶುವೈದ್ಯೆ ಮಾಡಿದ್ದು. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಜಾಸ್ತಿ ಇದ್ಯಾ ಅನ್ನೋದು, ಈ ಏಳಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡ್ಬೇಕು, ಎಲ್ಲ ಸೇರಿ 35ಕ್ಕಿಂತ ಮೇಲಿದ್ರೆ ನಾಯಿ ಬದುಕು ಪರವಾಗಿಲ್ಲ ಅಂತ. ಕ್ಯಾಲೆಂಡರ್ ಮೇಲೆ ದಿನಾ ಬರೀರಿ. ನಾನು ಆ ನಾಲ್ಕು ದಿನ ಬರೆದಿದ್ರೆ ಮೊದ್ಲನೇ ದಿನಾನೇ ಗೊತ್ತಾಗ್ತಿತ್ತು.

ಕರಿಯಂಗೆ ಅದು ಬೇಕಾಗ್ಲಿಲ್ಲ. ಆಶ್ಲೇಷ ಮಳೆ, ಯಜಮಾನ್ರು ಶಿವಮೊಗ್ಗಕ್ಕೆ ಹೋಗಿದ್ರು, ಮಧ್ಯಾಹ್ನ ಊಟಕ್ಕೆ ಕರೆದ್ರೆ ಬರ್ಲಿಲ್ಲ. ಹುಡುಕ್ಕಂಡು ಹೋದ್ರೆ ಹಳೇ ತೋಟದ, ಅಂದ್ರೆ ಅದ್ರ ಹಳೇ ಯಜಮಾನ್ರ ತೋಟದ ಬೇಲಿ ಹತ್ರ ಮಲಗಿತ್ತು, ಉಸಿರು ನಿಧಾನ. 16 ಕೆಜಿ. ಎದೆಗೆ ಒತ್ಕಂಡು ಎತ್ತಿದೆ, ತೋಟದ ನೀರು ಹೋಗೋ ಕಪ್ಪು ದಾಟಿ, ಸಂಕ ದಾಟಿ, ಕೆಸರಲ್ಲಿ ಒಂದ್ಸಲ ಮಂಡಿ ಊರಿ, ಮನೆಗೆ ತಂದು ಬಚ್ಚಲ ಒಲೆ ಹತ್ರ ಮಲಗಿಸ್ದೆ. ಅತ್ತೆ ಬಂದು ಮಣೆ ಹಾಕ್ಕಂಡು ಕೂತ್ರು, ಚಮಚದಲ್ಲಿ ಗಂಜಿ ತಿಳಿ ತುಟಿಗೆ ಹಚ್ಚಿದ್ರು, ಒಂದ್ಸಲ ನೆಕ್ತು. ಸಂಜೆ ದೀಪ ಹಚ್ಚೋ ಹೊತ್ತಿಗೆ ಹೋಯ್ತು. ಮರುದಿನ ಗುಂಡಿ ತೆಗೆದ್ರೆ ಎರಡು ಅಡಿಗೇ ನೀರು ಬಂತು, ಯಜಮಾನ್ರು ಬಕೆಟ್ಟಲ್ಲಿ ಎತ್ತಿ ಹಾಕಿದಷ್ಟೂ ತುಂಬ್ತಿತ್ತು, ಕೊನೆಗೆ ಮೇಲಿನ ದಿಬ್ಬದಲ್ಲಿ ಹಲಸಿನ ಮರದ ಹತ್ರ ಇನ್ನೊಂದು ತೆಗೆದು, ಉಪ್ಪು ಹಾಕಿ ಮುಚ್ಚಿದ್ವಿ. ಮಳೆಗಾಲಕ್ಕೆ ಮುಂಚೆ ಎತ್ತರದ ಜಾಗ ಒಂದು ನೋಡಿಟ್ಕಳಿ. ಹೇಳೋಕೆ ಕಷ್ಟ ಆಗತ್ತೆ, ಆದ್ರೆ ಆ ದಿನ ನೀರು ತುಂಬಿದ ಗುಂಡಿ ಮುಂದೆ ನಿಲ್ಲೋದು ಅದಕ್ಕಿಂತ ಕಷ್ಟ.

ಒಂದು ಹೋದ ತಕ್ಷಣ ಇನ್ನೊಂದು ತರೋದಾ ಅಂತ ಕೇಳ್ತಾರೆ. ರಾಣಿ ಹೋದಾಗ ಕರಿಯ ಮನೇಲಿತ್ತು, ಹಾಗಾಗಿ ಬೆಳಿಗ್ಗೆ ಎದ್ದು ಅನ್ನ ಇಡ್ಲೇಬೇಕಾಗಿತ್ತು, ಅದು ನನ್ನ ಉಳಿಸ್ತು. ಕರಿಯ ಹೋದಾಗ ಮನೇಲಿ ಯಾರೂ ಇರ್ಲಿಲ್ಲ, ಏಳು ತಿಂಗಳು ಬಚ್ಚಲ ಒಲೆ ಹತ್ರ ಹೋದ್ರೆ ಕಾಲು ತಾನಾಗೇ ನಿಧಾನ ಆಗೋದು, ತುಳಿದುಬಿಟ್ರೆ ಅಂತ. ಎರಡ್ರಲ್ಲಿ ಯಾವುದು ಸರಿ ಅಂತ ನಾನು ಹೇಳಲ್ಲ, ನಿಮ್ಮ ಮನಸ್ಸು ನೋಡ್ಕಳಿ.

ಈ ವರ್ಷ ಮೇ ತಿಂಗಳ ಫೋನು ಸಾಗರದಿಂದ ಬಂತು. ರಿಟೈರ್ ಆದ ಮೇಷ್ಟ್ರು, 68 ವರ್ಷ, ಹೆಂಡ್ತಿಗೆ ಮಂಡಿ ನೋವು. ಅವ್ರ ಮುಂದೆ ಮೂರಿತ್ತು. ಅಣ್ಣನ ಮಗ ಕೊಡ್ತೀನಿ ಅಂದ ಪಗ್ ಮರಿ, ಪರಿಚಯದೋರ 8 ವರ್ಷದ ಜರ್ಮನ್ ಶೆಫರ್ಡ್, ಆಮೇಲೆ ಒಂದು ವರ್ಷದಿಂದ ಅವ್ರ ಗೇಟ್ ಹತ್ರಾನೇ ಮಲಗೋ ಮೂತಿ ನೆರೆತ ಹೆಣ್ಣು ನಾಯಿ, ಅದನ್ನ ಅವ್ರು ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಮಾತಿನ ಮಧ್ಯೆ ಸುಮ್ನೆ ಬಂತು. ಮರಿ ಬೇಡ ಅಂದೆ, ಶೆಫರ್ಡ್‌ನ ಇಬ್ರು ಹುಡುಗ್ರಿರೋ ಮನೆ ಯಾವುದಾದ್ರೂ ನೋಡಿ ಕೊಡಿಸಿ ಅಂದೆ. "ಗೇಟ್ ಹತ್ರ ಇರೋದನ್ನ ಎತ್ತೋಕಾಗತ್ತಾ ನೋಡಿ ಸರ್, ತೂಕದ ಮಷೀನ್ ಮೇಲೆ ಮೊದ್ಲು ನೀವು ಒಬ್ರೇ ನಿಲ್ಲಿ, ಆಮೇಲೆ ಅದನ್ನ ಎತ್ಕಂಡು ನಿಲ್ಲಿ, ಕಳೆದ್ರೆ ಗೊತ್ತಾಗತ್ತೆ" ಅಂದೆ. ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಒಂದು ಫೋಟೋ ಬಂತು. ಮೇಷ್ಟ್ರು ಬನಿಯನ್ ಪಂಚೇಲಿ ಮಷೀನ್ ಮೇಲೆ ನಿಂತಿದಾರೆ, ನಾಯಿ ಎರಡೂ ಮುಂಗಾಲು ಅವ್ರ ಹೆಗಲ ಮೇಲೆ ಹಾಕಿ ಮುಖ ಆಚೆ ತಿರುಗಿಸ್ಕಂಡಿದೆ, ಕೆಳಗೆ ಅವ್ರ ಹೆಂಡ್ತಿ ಬಗ್ಗಿ ಮುಳ್ಳು ಓದ್ತಿದಾರೆ. ಫೋಟೋ ಕೆಳಗೆ ಬರ್ದಿದ್ರು, "ಹದಿಮೂರೂವರೆ. ಇಳಿಸೋಕೆ ಹೋದ್ರೆ ಇಳೀತಿಲ್ಲ ಕಣಮ್ಮ."